ಕಾಣೆಯಾದ ಮೂವತ್ತೊಂದನೇ ಪೆಟ್ಟಿಗೆ

"ಕಳ್ಳ! ಮಾಮಿತ್ ಬಾಯ್ಕೆ, ಬೇಗ ಬನ್ನಿ, ಇಲ್ಲೊಬ್ಬ ಕಳ್ಳ ಸಿಕ್ಕಿದ್ದಾನೆ!"

ನರ್ಸಿಂಗ್ ಕಾಲೇಜಿನ ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಜಿಬೆಕ್ ಹೀಗೆ ಕೂಗಿಕೊಂಡರೂ ಒಳಗೆ ಕುಕ್ಕರುಗಾಲಲ್ಲಿ ಕೂತಿದ್ದ ಆಸಾಮಿ ಓಡಲಿಲ್ಲ. ಅವನ ಬಾಯಲ್ಲಿ ಎರಡು ಸ್ಕ್ರೂಗಳಿದ್ದವು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಹಳೆಯ ಕಂಪ್ಯೂಟರೊಂದರಿಂದ ಆಗಷ್ಟೇ ಕಿತ್ತ ರ‍್ಯಾಮ್. ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡು, ನಿಧಾನವಾಗಿ ಎದ್ದು ನಿಂತ.

"ಕಳ್ಳ ಅಲ್ಲ, ಸ್ಟೋರ್ ಕೀಪರ್. ಕುಬಾತ್ ಅಂತ. ತಾವು?"

"ಈ ಕಂಪ್ಯೂಟರ್‌ಗಳನ್ನ ತಗೊಂಡು ಹೋಗೋಕೆ ಬಂದವಳು. ಹೋದ ವಾರಾನೇ ನಿಮ್ಮ ಪ್ರಿನ್ಸಿಪಾಲ್ ಬರೆದುಕೊಟ್ಟಿದ್ದಾರೆ. ಮೊದಲು ಅದನ್ನ ಕೆಳಗಿಡಿ."

"ಆ ಪ್ರಿನ್ಸಿಪಾಲರ ಕಂಪ್ಯೂಟರೇ ಬೆಳಿಗ್ಗೆಯಿಂದ ನಿಂತು ಹೋಗಿದೆ. ಇದನ್ನ ಹಾಕಿದ್ರೆ ಇನ್ನೊಂದು ವಾರ ಓಡುತ್ತೆ. ಅವರಿಗೆ ಏನು ಹೇಳಲಿ? ಕಳ್ಳಿ ಬಂದು ಕಿತ್ಕೊಂಡ್ಲು ಅನ್ನಲಾ?"

ಲಾರಿಯಿಂದಿಳಿದು ಏದುಸಿರು ಬಿಡುತ್ತ ಬಂದ ಮಾಮಿತ್ ಬಾಯ್ಕೆ, ಅಂದರೆ ಮಾಮಿತಣ್ಣ, ಇಬ್ಬರ ಮುಖವನ್ನೂ ನೋಡಿ, ಕಳ್ಳ ಯಾರು ಎಂದು ಕೇಳದೆಯೇ ಹಿಂದಿರುಗಿದ. ಹನ್ನೆರಡು ವರ್ಷದಿಂದ ಜಿಬೆಕ್‌ಳ ಜೊತೆ ಲಾರಿ ಓಡಿಸುತ್ತಿದ್ದವನಿಗೆ ಅವಳ ಗಂಟಲಿನ ಪರಿಚಯ ಚೆನ್ನಾಗಿತ್ತು.

ರಾಜಧಾನಿ ಬಿಷ್ಕೆಕ್ ನಗರದ ಅಂಚಿನಲ್ಲಿರುವ ಒಂದು ವರ್ಕ್‌ಶಾಪಿನಲ್ಲಿ ಜಿಬೆಕ್‌ಗೆ ಕೆಲಸ. ಆಫೀಸು, ಶಾಲೆ, ಆಸ್ಪತ್ರೆಗಳಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತಂದು, ಡಿಸ್ಕಿಗೆ ತೂತು ಕೊರೆದು, ಸೀಸ ಬೇರೆ, ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ ಎಂದು ಬಿಡಿಸಿ, ಯಾವುದೂ ಮಣ್ಣಿಗೂ ಗಾಳಿಗೂ ಹೋಗದ ಹಾಗೆ ನೋಡಿಕೊಳ್ಳುವುದು ಅಲ್ಲಿನ ಕಸುಬು. ಒಡೆಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಒಡೆಯುವುದಕ್ಕೆ ಮುಂಚೆ ಅವುಗಳನ್ನು ಈ ಸರಕಾರಿ ಕಟ್ಟಡಗಳಿಂದ ಹೊರಗೆ ತರುವುದಿದೆಯಲ್ಲ, ಅದು ಮಾತ್ರ ಯಾವ ಶತ್ರುವಿಗೂ ಬೇಡ.

ಅವಳು ಪಟ್ಟಿ ಹಿಡಿದು ಮೊದಲನೇ ಪೆಟ್ಟಿಗೆ ಬಿಚ್ಚಿದಳು. ಎರಡನೆಯದು. ಐದನೆಯದು. ಅವಳ ಹುಬ್ಬು ಗಂಟಿಕ್ಕುತ್ತ ಹೋಯಿತು.

"ಇದರ ಮೈಮೇಲೆ ಒಂಬತ್ತು ಅಂತ ಪೇಂಟ್ ಮಾಡಿದೆ. ಒಳಗಿರೋದು ಇಪ್ಪತ್ತೆರಡರ ಬೋರ್ಡ್. ಇಪ್ಪತ್ತೆರಡರ ಒಳಗೆ ನಲವತ್ತರ ಡಿಸ್ಕ್. ಏನ್ರೀ ಮಾಡಿಟ್ಟಿದ್ದೀರಿ?"

"ಆರು ವರ್ಷ ಕಾಲೇಜ್ ನಡೆಸಿದ್ದೀನಿ," ಎಂದ ಕುಬಾತ್. ಅದರಲ್ಲಿ ಜಂಬವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಹೊಸದು ಕೇಳಿದ್ರೆ ಕೊಡ್ತಿರಲಿಲ್ಲ. ಸತ್ತಿದ್ದರಿಂದ ತೆಗೆದು ಬದುಕಿದ್ದಕ್ಕೆ ಹಾಕಿದೆ. ಅದು ಸತ್ತ ಮೇಲೆ ಇನ್ನೊಂದಕ್ಕೆ. ಈಗ ಎಲ್ಲಾ ಒಟ್ಟಿಗೆ ಸತ್ತಿವೆ."

ಜಿಬೆಕ್ ಪಟ್ಟಿಯಿಂದ ಹಣೆ ಹಣೆ ಬಡಿದುಕೊಂಡಳು. ಕುಬಾತ್‌ನ ರೆಪ್ಪೆಯ ಮೇಲೆ ಧೂಳಿನ ಎಳೆಯೊಂದು ಕೂತಿತ್ತು. ಇಷ್ಟು ಸಿಟ್ಟಿನಲ್ಲೂ ಅದು ತನ್ನ ಕಣ್ಣಿಗೆ ಬಿದ್ದದ್ದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

*

ಆ ನಾಡಿನ ಸರಕಾರಿ ಸಂಸ್ಥೆಗಳ ಯಂತ್ರಗಳಿಗೆ ಜಾತಕವಿರುತ್ತದೆ. ಯಾವ ಬೋರ್ಡು, ಯಾವ ಡಿಸ್ಕು, ಅದರ ನಂಬರೇನು, ಒಳಗೆ ಎಷ್ಟು ಚಿನ್ನ, ಎಷ್ಟು ಬೆಳ್ಳಿ ಎಂದು ಹಳೆಯ ಕಾಲದಿಂದ ಬರೆದಿಡುವ ರೂಢಿ. ಸಾಸಿವೆ ಕಾಳಿನಷ್ಟು ಚಿನ್ನವಾದರೂ ಅದು ಸರಕಾರದ ಚಿನ್ನ. ಐದು ಜನರ ಸಮಿತಿಯೊಂದು ಪೆಟ್ಟಿಗೆಯನ್ನೂ ಜಾತಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಸರಿಹೊಂದಿದರೆ ಸಹಿ ಹಾಕಬೇಕು. ಆಮೇಲಷ್ಟೇ ವಿಲೇವಾರಿ.

ಸಮಿತಿಯ ಯಜಮಾನಿ ರಯೀಸಾ ಪೆತ್ರೋವ್ನಾ, ಕಾಲೇಜಿನ ಮುಖ್ಯ ಲೆಕ್ಕಾಧಿಕಾರಿ. ಅರವತ್ತು ದಾಟಿದರೂ ಅವರನ್ನು ನಿವೃತ್ತಿ ಮಾಡಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಕಾಗದದಲ್ಲಿ ಹೇಗಿದೆಯೋ ಪೆಟ್ಟಿಗೇಲೂ ಹಾಗೇ ಇರಬೇಕು," ಎಂದರು ಅವರು, ಚಹಾದ ಲೋಟ ಕೆಳಗಿಡದೆ.

"ರಯೀಸಾ ಪೆತ್ರೋವ್ನಾ, ನಾವು ಇವನ್ನ ಒಡೆಯೋಕೇ ತಗೊಂಡು ಹೋಗೋದು. ಎಲ್ಲಾ ಒಂದೇ ಮೇಜಿನ ಮೇಲೆ ಬೀಳುತ್ತೆ. ಯಾವುದರ ಬೋರ್ಡ್ ಯಾವುದರಲ್ಲಿದ್ರೆ ಏನು?"

"ಒಡೀರಮ್ಮ, ಯಾರು ಬೇಡ ಅಂದ್ರು? ಮೊದಲು ಸರಿಯಾಗಿ ಜೋಡಿಸಿ. ಆಮೇಲೆ ಒಡೀರಿ."

ನಲವತ್ತೇಳು ಸತ್ತ ಕಂಪ್ಯೂಟರುಗಳನ್ನು ಸಾಯಿಸುವುದಕ್ಕಾಗಿ ಮತ್ತೆ ಜೋಡಿಸಬೇಕು. ಇಂಥ ಮಾತನ್ನು ಕುಡಿದವರು ಆಡಿದ್ದರೆ ನಕ್ಕುಬಿಡಬಹುದಿತ್ತು. ಇವರು ಕುಡಿಯುತ್ತಿದ್ದದ್ದು ಬರೀ ಚಹಾ.

ಹೊರಗೆ ಮೆಟ್ಟಿಲ ಮೇಲೆ ಕುಬಾತ್ ಮಾಂಸ ತುಂಬಿ ಸುಟ್ಟ ಬಿಸಿಬಿಸಿ ಸಮ್ಸಾ ಎರಡನ್ನು ಕಾಗದದಲ್ಲಿ ಹಿಡಿದು ಕಾಯುತ್ತಿದ್ದ. ಒಂದನ್ನು ಅವಳತ್ತ ಚಾಚಿದ.

"ಬಿಟ್ಟು ಹೋಗ್ತೀರಾ?" ಎಂದು ಕೇಳಿದ.

"ಹೋಗದೆ? ನನಗೇನು ಹುಚ್ಚಾ? ನಗರದಲ್ಲಿ ಬೇರೆ ಆಫೀಸ್ ಇಲ್ವಾ?"

"ಹೋಗಿ. ನಿಮ್ಮ ತಪ್ಪಿಲ್ಲ." ಅವನು ಸಮ್ಸಾದ ತುದಿ ಮುರಿದು ಒಳಗಿನ ಆವಿ ಹೊರಗೆ ಬಿಟ್ಟ. "ನನಗೆ ಮಾತ್ರ ಹೋಗೋಕಾಗಲ್ಲ. ಆ ರೂಮಿನ ಸಾಮಾನಿಗೆಲ್ಲ ನಾನೇ ಜವಾಬ್ದಾರ. ಅದನ್ನ ಒಪ್ಪಿಸದೆ ರಿಲೀವ್ ಮಾಡಲ್ಲ. ನಾನು ಓದಿದ್ದು ಭೌತಶಾಸ್ತ್ರ, ಗೊತ್ತಾ? ಬೆಟ್ಟದ ಸೀಮೆ ನಾರಿನ್ ಕಡೆ ನಮ್ಮೂರ ಶಾಲೇಲಿ ಮೇಷ್ಟ್ರು ಕೆಲಸ ಕೊಡ್ತೀನಿ ಅಂದಿದ್ರು. ಎರಡು ವರ್ಷದ ಹಿಂದೆ ಹೀಗೇ ತಡವಾಗಿ ಕೈತಪ್ಪಿತು. ಈ ಸಲ ಮತ್ತೆ ಖಾಲಿ ಆಗಿದೆ. ಆಗಸ್ಟ್ ಕೊನೇ ಶುಕ್ರವಾರದೊಳಗೆ ಬಿಡುಗಡೆ ಕಾಗದ ಪಡೆದು ಮಾರನೇ ದಿನ ಹಾಜರಾದ್ರೆ ಕೆಲಸ ನನ್ನದು. ಇಲ್ಲಾಂದ್ರೆ ಇನ್ನೊಬ್ಬರದು. ಮತ್ತೆ ಆ ಸ್ಥಾನ ಖಾಲಿ ಆಗೋಷ್ಟರಲ್ಲಿ ನನ್ನ ತಲೆ ನರೆತಿರುತ್ತೆ."

ಅವನು ನಗುತ್ತ ಹೇಳಿದ. ನಗು ಕಣ್ಣಿನವರೆಗೆ ಹೋಗಲಿಲ್ಲ. ಜಿಬೆಕ್ ಸಮ್ಸಾ ಕಚ್ಚಿ ನಾಲಿಗೆ ಸುಟ್ಟುಕೊಂಡಳು.

"ವಾರಕ್ಕೆ ಎರಡು ಮಧ್ಯಾಹ್ನ ಬರ್ತೀನಿ," ಎಂದಳು ಕೋಪದಲ್ಲೇ. "ನಿಮಗೋಸ್ಕರ ಅಂತ ಅಂದ್ಕೋಬೇಡಿ. ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡೋ ಅಭ್ಯಾಸ ಇಲ್ಲ ನನಗೆ."

"ಅಂದ್ಕೊಳ್ಳಲ್ಲ," ಎಂದ ಅವನು, ಮೆಟ್ಟಿಲನ್ನೇ ನೋಡುತ್ತ.

*

ಜೂನ್ ಹೋಯಿತು, ಜುಲೈ ಹೋಗುತ್ತಿತ್ತು. ಮೇಲೆ ನಗರವೆಲ್ಲ ಬಿಸಿಲಿಗೆ ಬೇಯುತ್ತಿದ್ದರೆ ನೆಲಮಾಳಿಗೆ ತಣ್ಣಗಿರುತ್ತಿತ್ತು. ಅವನು ಟಾರ್ಚ್ ಹಿಡಿದು ಬೋರ್ಡಿನ ಮೂಲೆಯ ಇರುವೆಯಂಥ ನಂಬರುಗಳನ್ನು ಓದುತ್ತಿದ್ದ. ಅವಳು ಜಾತಕದಲ್ಲಿ ಹುಡುಕುತ್ತಿದ್ದಳು.

"ಏಳು, ಏಳು, ಮೂರು, ಸೊನ್ನೆ..."

"ಸೊನ್ನೆನಾ ಎಂಟಾ?"

"ನೀವೇ ನೋಡಿ."

ಅವಳು ಬಗ್ಗಿ ನೋಡುವಳು. ಇಬ್ಬರ ತಲೆಯೂ ಒಂದೇ ಟಾರ್ಚಿನ ಬೆಳಕಿನೊಳಗೆ ಬರುತ್ತಿದ್ದವು. ಅವಳ ಜಡೆ ಜಾರಿ ಅವನ ಮುಂಗೈ ಮೇಲೆ ಬೀಳುತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಟಾರ್ಚು ಮಾತ್ರ ಒಂಚೂರು ಅಲ್ಲಾಡುತ್ತಿತ್ತು.

"ಕೈ ನಡುಗುತ್ತೆ ನಿಮಗೆ. ಸಮ್ಸಾ ಒಂದೇ ತಿಂದು ಬದುಕಿದ್ರೆ ಹೀಗೇ ಆಗೋದು."

"ನಿಮ್ಮ ಬೈಗುಳಾನೂ ತಿಂತೀನಲ್ಲ. ಅದರಲ್ಲಿ ಶಕ್ತಿ ಇಲ್ವಾ?"

ಅವಳಿಗೆ ನಗು ಬಂತು. ನಕ್ಕರೆ ಗೆದ್ದನೆಂದುಕೊಂಡಾನೆಂದು ಮುಖ ತಿರುಗಿಸಿ, ಸ್ಕ್ರೂ ಹುಡುಕುವವಳ ಹಾಗೆ ನೆಲ ತಡವಿದಳು. ಅವನು ಸ್ಕ್ರೂವನ್ನು ಅವಳ ಕಣ್ಣೆದುರೇ ಹಿಡಿದ. ಅವಳು ತೆಗೆದುಕೊಳ್ಳಲು ಹೋದಾಗ ಬೆರಳು ಬಿಗಿ ಮಾಡಿದ. ಒಂದು ಗಳಿಗೆ ಇಬ್ಬರೂ ಅದೇ ಗುಲಗಂಜಿಯಷ್ಟು ಸ್ಕ್ರೂವನ್ನು ಹಿಡಿದು ನಿಂತಿದ್ದರು.

"ಬಿಡಿ ಬಾಯ್ಕೆ," ಎಂದಳು ಅವಳು. ಅಣ್ಣ ಎಂದು ಕರೆದು ದೂರ ಇಡುವ ಆ ಪದ ಅವಳ ಬಾಯಿಂದ ಅಂದು ಸ್ವಲ್ಪ ಮೆತ್ತಗೆ ಬಂತು.

ಅವಳು ನಿಜವಾಗಿ ಮನಸೋತದ್ದು ಮಾತ್ರ ಇಂಥ ಆಟಗಳಲ್ಲಲ್ಲ. ಜುಲೈ ಕೊನೆಯಲ್ಲಿ ಬಜಾರಿನ ಗುಜರಿಯವನೊಬ್ಬ ಕುಬಾತ್‌ನ ಪರದಾಟದ ಸುದ್ದಿ ಹಿಡಿದು ಬಂದ. ಹೊಳೆಯುವ ಷೂ, ಕೊರಳಲ್ಲಿ ಸರ.

"ಇದೆಲ್ಲ ಯಾಕೆ ಒದ್ದಾಡ್ತೀರಿ?" ಎಂದ, ಬಾಗಿಲಿಗೆ ಒರಗಿ. "ಇವತ್ತು ಸಂಜೆ ನನ್ನ ಹುಡುಗರನ್ನ ಕಳಿಸ್ತೀನಿ, ಒಂದು ಗಂಟೇಲಿ ರೂಮ್ ಖಾಲಿ. ಕಾಗದ, ಸೀಲು ಎಲ್ಲಾ ನಾನೇ ಮಾಡಿಸ್ಕೊಡ್ತೀನಿ. ನಿಮ್ಮ ಸಮಿತಿ ಕೂಡ ಕಣ್ಣು ಮುಚ್ಚುತ್ತೆ. ನಾಳೆ ನೀವು ಊರಿಗೆ ಹೋಗಿ ಮೇಷ್ಟ್ರಾಗಿ."

ಇವನಂಥವರು ಏನು ಮಾಡುತ್ತಾರೆಂದು ಜಿಬೆಕ್‌ಗೆ ಗೊತ್ತು. ಅವಳ ಮನೆಯ ಹಿಂದಿನ ಬಯಲಲ್ಲಿ ತಂತಿಯ ರಾಶಿಗೆ ಬೆಂಕಿಯಿಟ್ಟು ತಾಮ್ರ ತೆಗೆಯುತ್ತಾರೆ. ಚಳಿಗಾಲವೆಲ್ಲ ಕಪ್ಪು ಹೊಗೆ ಕಿಟಕಿಯ ಸಂದಿನಿಂದ ಒಳಗೆ ಬರುತ್ತದೆ. ಅಮ್ಮನ ಕೆಮ್ಮು ಮೂರು ವರ್ಷದಿಂದ ನಿಂತಿಲ್ಲ. ಇದನ್ನೆಲ್ಲ ಅವಳು ಕುಬಾತ್‌ಗೆ ಒಂದೇ ಒಂದು ಸಲ, ಅದೂ ಬೇರೆ ಯಾವುದೋ ಮಾತಿನ ನಡುವೆ ಹೇಳಿದ್ದಳು. ಈಗ ಮತ್ತೆ ಹೇಳಲಿಲ್ಲ. ಬಿಡುಗಡೆ ಬೇಕಾಗಿದ್ದದ್ದು ಅವನಿಗೆ. ಅವನೇ ಹೇಳಲಿ ಎಂದು ತುಟಿ ಕಚ್ಚಿ ಕೂತಳು.

ಕುಬಾತ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

"ಈ ಡಿಸ್ಕ್‌ಗಳಲ್ಲಿ ಇಲ್ಲಿ ಓದಿದ ಹೆಣ್ಣುಮಕ್ಕಳ ಹೆಸರು, ವಿಳಾಸ, ಕಾಯಿಲೆ ಕಸಾಲೆ ಎಲ್ಲಾ ಇದೆ. ಅದು ಬಜಾರಲ್ಲಿ ಮಾರಾಟ ಆಗಬಾರದು. ಇನ್ನೊಂದು, ನೀವು ಇವನ್ನ ಸುಡ್ತೀರಿ. ಆ ಹೊಗೆ ಹೋಗೋ ಕಡೆ ನನಗೆ ಗೊತ್ತಿರೋರ ಅಮ್ಮ ಒಬ್ಬರು ಇದಾರೆ. ಅವರಿಗೆ ಕೆಮ್ಮು. ನೀವು ಹೊರಡಿ."

ಗುಜರಿಯವನು ಭುಜ ಕುಣಿಸಿ ಹೋದ. ಜಿಬೆಕ್ ತಲೆ ಎತ್ತಲಿಲ್ಲ. ಹತ್ತೊಂಬತ್ತನೇ ಪೆಟ್ಟಿಗೆಯ ಮುಚ್ಚಳವನ್ನು ತಲೆಕೆಳಗು ಮಾಡಿ ಹಾಕಿ, ತೆಗೆದು, ಮತ್ತೆ ತಲೆಕೆಳಗಾಗಿಯೇ ಹಾಕಿದಳು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು. ಅದರ ಹಿಂದೆಯೇ ಇನ್ನೊಂದೂ ತಿಳಿಯಿತು. ತಾನು ಜೋಡಿಸುತ್ತಿರುವ ಒಂದೊಂದು ಪೆಟ್ಟಿಗೆಯೂ ಅವನನ್ನು ನಾರಿನ್‌ಗೆ ಕಳಿಸುವ ಪೆಟ್ಟಿಗೆ. ಕೆಲಸ ಮುಗಿಯದಿದ್ದರೆ ಅವನ ಬಾಳು ಹಾಳು. ಮುಗಿದರೆ ಅವನು ತನಗಿಲ್ಲ. ಇಂಥ ಕೆಟ್ಟ ಲೆಕ್ಕವನ್ನು ಅವಳ ಮುಂದೆ ಯಾರೂ ಇಟ್ಟಿರಲಿಲ್ಲ.

*

ಆಗಸ್ಟ್ ಹತ್ತರ ಹೊತ್ತಿಗೆ ಎಲ್ಲ ಕರುಳೂ ಅದರದರ ಹೊಟ್ಟೆ ಸೇರಿತು. ಒಂದರದ್ದು ಮಾತ್ರ ಮೇಜಿನ ಮೇಲೆ ಉಳಿಯಿತು. ಮೂವತ್ತೊಂದರ ಬೋರ್ಡಿದೆ, ಡಿಸ್ಕಿದೆ, ಫ್ಯಾನೂ ಇದೆ. ಪೆಟ್ಟಿಗೆಯೇ ಇಲ್ಲ.

"ನಲವತ್ತಾರು ಅಂದ್ರೆ ನಲವತ್ತೇಳಲ್ಲ," ಎಂದರು ರಯೀಸಾ ಪೆತ್ರೋವ್ನಾ. "ಸಮಿತಿ ಒಂದನ್ನ ನೋಡದೆ ನೋಡಿದ್ದೀನಿ ಅಂತ ಬರೆಯೋಕಾಗುತ್ತಾ? ಎಂಥ ಬೇಜವಾಬ್ದಾರಿ ಜನ ನೀವು! ಹುಡುಕಿ."

ಹುಡುಕಿದರು. ಹಾಸ್ಟೆಲಿನ ಅಟ್ಟ, ಲ್ಯಾಬಿನ ಬೀರು, ಅಡುಗೆಮನೆಯ ಹಿಂದಿನ ಶೆಡ್ಡು. ಒಂದು ವಾರವಾಯಿತು, ಹತ್ತು ದಿನವಾಯಿತು. ಮಾಮಿತ್ ಬಾಯ್ಕೆ ಲಾರಿಯನ್ನು ಮೂರು ಸಲ ತಂದು ಮೂರು ಸಲ ಖಾಲಿ ಓಡಿಸಿಕೊಂಡು ಹೋದ. ವರ್ಕ್‌ಶಾಪಿನಲ್ಲಿ ಯಜಮಾನರು ಜಿಬೆಕ್‌ಳನ್ನು ಕರೆದು, ಬೇಸಿಗೆಯೆಲ್ಲ ಒಂದೇ ಕಾಲೇಜಿನಲ್ಲಿ ಕಳೆದೆಯಲ್ಲಮ್ಮ ಎಂದರು. ಅವಳಿಗೆ ಅವಮಾನದಿಂದ ಕಿವಿ ಕಾದವು.

"ನೀವು ಸರಿಯಾಗಿ ಹುಡುಕ್ತಾನೇ ಇಲ್ಲ," ಎಂದು ಅವಳು ಕುಬಾತ್ ಮೇಲೆ ಹರಿಹಾಯ್ದಳು. "ಬರೋ ಶುಕ್ರವಾರ ಕೊನೇ ದಿನ. ನೆನಪಿದೆಯಾ? ಯಾರದೋ ಮದುವೆ ಅನ್ನೋ ಹಾಗೆ ಕೈ ಕಟ್ಕೊಂಡು ನಿಂತಿದ್ದೀರಿ!"

"ಹುಡುಕಿದ್ನಲ್ಲ ಜಿಬೆಕ್."

"ಎಲ್ಲಿ ಹುಡುಕಿದ್ರಿ? ನಾನು ಆ ಹಾಳು ಶೆಡ್ಡಲ್ಲಿ ಜೇಡದ ಬಲೆ ತಿಂತಾ ಇದ್ದಾಗ ನೀವು ಹೊರಗೆ ಸೇಬಿನ ಮರ ನೋಡ್ತಾ ಇದ್ರಿ!"

ಅವನು ಏನೋ ಹೇಳಲು ಹೊರಟು ನಿಲ್ಲಿಸಿದ. ಈಚೆಗೆ ಅವನದು ಇದೇ ಕಥೆಯಾಗಿತ್ತು. ಬಾಯಿ ತೆರೆಯುವುದು, ಅವಳನ್ನು ನೋಡುವುದು, ಮುಚ್ಚುವುದು. ಅವಳಿಗೆ ಅವನ ಭುಜ ಹಿಡಿದು ಅಲುಗಾಡಿಸಬೇಕೆನಿಸುತ್ತಿತ್ತು. ಹಿಡಿದರೆ ಬಿಡುವುದಾಗುತ್ತದೋ ಇಲ್ಲವೋ ಎಂಬ ಭಯಕ್ಕೆ ಹಿಡಿಯಲಿಲ್ಲ.

ಬುಧವಾರ ಅವಳು ಒಬ್ಬಳೇ ಲೆಕ್ಕಾಧಿಕಾರಿಯ ಕೋಣೆಗೆ ಹೋದಳು, ಒಂದು ದಿನವಾದರೂ ವಾಯಿದೆ ಕೇಳೋಣವೆಂದು. ರಯೀಸಾ ಪೆತ್ರೋವ್ನಾ ಗಿಡಗಳಿಗೆ ನೀರು ಹಾಕುತ್ತಿದ್ದರು. ಕಿಟಕಿಯ ಬಳಿ ದೊಡ್ಡ ಕುಂಡದಲ್ಲಿ ಕೆಂಪು ಜೆರೇನಿಯಂ. ಕುಂಡದ ಕೆಳಗೆ ಕ್ರೋಶಾದ ಬಿಳಿ ಬಟ್ಟೆ ಹೊದಿಸಿದ ಪೀಠ.

"ವಾಯಿದೆ ಗೀಯಿದೆ ಏನೂ ಇಲ್ಲ," ಎನ್ನುತ್ತ ಅವರು ನೀರು ಸ್ವಲ್ಪ ಹೆಚ್ಚೇ ಸುರಿದರು. ನೀರು ಕುಂಡದಿಂದ ಇಳಿದು ಬಟ್ಟೆಯನ್ನು ನೆನೆಸಿತು. ನೆನೆದ ಬಟ್ಟೆ ಪೀಠದ ಮೈಗೆ ಅಂಟಿಕೊಂಡಿತು. ಅದರ ತೂತುಗಳಿಂದ, ಮಾಸಿದ ತಗಡಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಎರಡು ಅಂಕಿಗಳು ಕಂಡವು. ಮೂರು. ಒಂದು.

ಜಿಬೆಕ್ ನಿಂತಲ್ಲೇ ನಿಂತಳು.

"ಕೆಲಸದಲ್ಲಿ ಶಿಸ್ತು ಅನ್ನೋದೇ ಇಲ್ಲ ಈಗಿನವರಿಗೆ," ಎನ್ನುತ್ತಿದ್ದರು ರಯೀಸಾ ಪೆತ್ರೋವ್ನಾ, ಒಣಗಿದ ಎಲೆಯೊಂದನ್ನು ಚಿವುಟುತ್ತ. "ಕಣ್ಣೆದುರಿಗಿದ್ದ ಸಾಮಾನೂ ಕಾಣಲ್ಲ. ಏನಮ್ಮ, ಯಾಕೆ ಹಾಗೆ ನಿಂತೆ? ಇನ್ನೇನಾದರೂ ಇದೆಯಾ?"

ಬಾಯಿ ಬಿಟ್ಟರೆ ಮುಗಿಯಿತು. ಬೆರಳು ತೋರಿಸಿದರೂ ಸಾಕು. ನಾಳೆ ಸಹಿ, ನಾಡಿದ್ದು ಬಿಡುಗಡೆ, ಅದರ ಮಾರನೇ ದಿನ ಅವನಿಲ್ಲ.

"ಏನಿಲ್ಲ," ಎಂದಳು ಜಿಬೆಕ್.

ಮನೆಯ ಕಡೆ ಹೋಗುವ ವ್ಯಾನಿನಲ್ಲಿ ಅವಳು ಕಂಬಿ ಹಿಡಿದು ನಿಂತಿದ್ದಳು. ಸೀಟು ಖಾಲಿಯಾದರೂ ಕೂರಲಿಲ್ಲ. ಕಳ್ಳಿ, ಎಂದುಕೊಂಡಳು. ಅವನು ಅಂದು ತಮಾಷೆಗೆ ಅಂದದ್ದು, ಇಂದು ಸುಳ್ಳಲ್ಲ. ಮನೆಯಲ್ಲಿ ಅಮ್ಮ ಎಣ್ಣೆಯಲ್ಲಿ ಹಿಟ್ಟಿನ ತುಂಡುಗಳನ್ನು ಬಿಟ್ಟು ಬೋರ್ಸೋಕ್ ಕರಿಯುತ್ತಿದ್ದಳು. ಎಣ್ಣೆಯ ಹೊಗೆಗೆ ಕೆಮ್ಮುತ್ತಲೇ ತಟ್ಟೆ ಮುಂದಿಟ್ಟಳು.

"ಆ ಕಂಪ್ಯೂಟರ್ ಸಿಕ್ತೇನೆ?"

"ಸಿಕ್ತು."

"ಮತ್ತೆ ಯಾಕೆ ಈ ಮುಖ? ಯಾರೋ ಸತ್ತ ಹಾಗೆ?"

ಜಿಬೆಕ್ ಬೋರ್ಸೋಕ್ ಒಂದನ್ನು ಚೂರು ಚೂರು ಮಾಡಿ, ತಿನ್ನದೆ ಎದ್ದಳು.

*

ಗುರುವಾರ ಬೆಳಿಗ್ಗೆ ಅವಳು ಬಂದಾಗ ಕುಬಾತ್ ನೆಲಮಾಳಿಗೆಯ ಬಾಗಿಲು ತೆಗೆಯುತ್ತಿದ್ದ. ಬೀಗದ ಕೈ ಇನ್ನೂ ಬೀಗದಲ್ಲೇ ಇತ್ತು. ಅವಳು ನಮಸ್ಕಾರವನ್ನೂ ಹೇಳಲಿಲ್ಲ.

"ಮೂವತ್ತೊಂದು ರಯೀಸಾ ಪೆತ್ರೋವ್ನಾ ರೂಮಲ್ಲಿದೆ. ಅವರ ಹೂವಿನ ಕುಂಡದ ಕೆಳಗೆ. ನಿನ್ನೆ ಮಧ್ಯಾಹ್ನಾನೇ ನೋಡಿದೆ. ಬೇಕು ಅಂತಾನೇ ಹೇಳಲಿಲ್ಲ. ನೀವು ಬೈಯೋದಿದ್ರೆ ಬೈದುಬಿಡಿ, ಆಮೇಲೆ ಹೋಗಿ ತರೋಣ."

ಅವನು ಬೈಯಲಿಲ್ಲ. ಅವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

"ನಿನ್ನೆ ನೋಡಿದ್ರಾ?" ಎಂದ. "ನಾನು ಹದಿನೈದು ದಿನದ ಹಿಂದೆ ನೋಡಿದೆ."

"ಏನು?"

"ಅವರು ರಜೆ ಹಾಕಿದ್ದಾಗ ಗಿಡಕ್ಕೆ ನೀರು ಹಾಕು ಅಂದಿದ್ರು. ಆಗ ನೆನಪಾಯ್ತು. ನಾನೇ ಆರು ವರ್ಷದ ಹಿಂದೆ ಹೊತ್ಕೊಂಡು ಹೋಗಿ ಅಲ್ಲಿಟ್ಟಿದ್ದು. ಗಿಡಕ್ಕೆ ಬಿಸಿಲು ತಾಗಲ್ಲ, ಎತ್ತರಕ್ಕೆ ಏನಾದರೂ ಕೊಡು ಅಂದಿದ್ರು. ಖಾಲಿ ಪೆಟ್ಟಿಗೆ ಕೊಟ್ಟೆ."

ಜಿಬೆಕ್ ಎರಡು ಹೆಜ್ಜೆ ಹಿಂದೆ ಸರಿದಳು. ಹದಿನೈದು ದಿನ. ಶೆಡ್ಡಿನ ಜೇಡರ ಬಲೆ, ಖಾಲಿ ಲಾರಿ, ಯಜಮಾನರ ಮಾತು, ವ್ಯಾನಿನಲ್ಲಿ ತನ್ನನ್ನು ತಾನೇ ಬೈದುಕೊಂಡದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು.

"ನನ್ನನ್ನ ನಾಯಿ ಥರ ಅಲೆಸಿದೆಯಲ್ಲೋ!" ನೀವು ಹೋಗಿ ನೀನು ಬಂದದ್ದು ಅವಳಿಗೂ ಗೊತ್ತಾಗಲಿಲ್ಲ. "ಆ ಅಟ್ಟದ ಮೇಲೆ ಹತ್ತಿಸಿದೆ! ಮಾಮಿತ್ ಬಾಯ್ಕೆ ಮಂಡಿ ನೋವು ಇಟ್ಕೊಂಡು ಮೂರು ಸಲ ಬಂದ! ನನ್ನ ಬಿಡು, ನಿನ್ನ ಶಾಲೆ? ಎರಡು ವರ್ಷ ಕಾದಿದ್ದೀಯ. ನಾಳೆ ಕೊನೇ ದಿನ. ಇನ್ನೂ ಸುಮ್ನೆ ಇದ್ಯಲ್ಲ, ನಿನಗೇನು ಬುದ್ಧಿ ಗಿದ್ಧಿ ಇದೆಯಾ?"

"ಇಲ್ಲ," ಎಂದ ಕುಬಾತ್. "ದಿನಾ ಬೆಳಿಗ್ಗೆ ಹೇಳೋಣ ಅಂತಾನೇ ಬರ್ತಿದ್ದೆ. ನೀನು ಬೈಕೊಂಡು ಮೆಟ್ಟಿಲಿಳಿದು ಬರ್ತಿದ್ದೆ. ಅದು ಸಿಕ್ಕಿಬಿಟ್ರೆ ನಾಳೆಯಿಂದ ಆ ಸದ್ದು ಕೇಳಲ್ಲ ಅನಿಸ್ತಿತ್ತು. ಇನ್ನೊಂದು ದಿನ, ಇನ್ನೊಂದೇ ದಿನ ಅಂತ ಬಿಟ್ಟೆ. ನಂಗೆ ನೀನು ಬೇಕು ಜಿಬೆಕ್. ಶಾಲೇನೂ ಬೇಕು. ಎರಡೂ ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲ."

"ಬಾಯಿಂದ ಕೇಳೋದು! ಮನುಷ್ಯರು ಹಾಗೇ ಕೇಳೋದು!"

"ಕೇಳಿದ್ರೆ ನೀನು ಇಲ್ಲ ಅಂದ್ರೆ?"

"ನಿನ್ನೆ ಸಂಜೆಯಿಂದ ಊಟ ಬಿಟ್ಟಿದ್ದೀನಿ ನಾನು. ಇಲ್ಲ ಅನ್ನೋಕಾ?"

ಕುಬಾತ್ ಬೀಗದ ಕೈಯನ್ನು ತಿರುಗಿಸಿದ, ಮತ್ತೆ ವಾಪಸು ತಿರುಗಿಸಿದ, ಬಾಗಿಲು ಹಾಕಿದ್ದೋ ತೆಗೆದದ್ದೋ ಅವನಿಗೇ ತಿಳಿಯಲಿಲ್ಲ. ಜಿಬೆಕ್ ಮುಂದೆ ಬಂದು ಅವನ ಅಂಗಿಯ ತೋಳು ಹಿಡಿದಳು. ಮೂರು ತಿಂಗಳಿಂದ ಹಿಡಿಯದೆ ಉಳಿದ ತೋಳು. ಅವನು ತನ್ನ ಇನ್ನೊಂದು ಕೈಯನ್ನು ಅವಳ ಕೈಮೇಲಿಟ್ಟ. ಇಬ್ಬರ ಕೈಯೂ ಧೂಳಾಗಿತ್ತು. ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ಇಷ್ಟು ಸುಖವಾಗಿ ಅವಳು ಎಂದೂ ಸಿಟ್ಟುಗೊಂಡಿರಲಿಲ್ಲ.

"ನಡಿ," ಎಂದು ಎಳೆದಳು. "ಮೊದಲು ಆ ಕುಂಡ ಇಳಿಸೋಣ."

*

ತಮ್ಮ ಜೆರೇನಿಯಂ ಎತ್ತಿ, ಒದ್ದೆ ಬಟ್ಟೆ ಸರಿಸಿ ತೋರಿಸಿದಾಗ ರಯೀಸಾ ಪೆತ್ರೋವ್ನಾ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

"ಇದು ಇಲ್ಲಿಗೆ ಹೇಗೆ ಬಂತು?"

"ನಾನೇ ತಂದದ್ದು," ಎಂದ ಕುಬಾತ್. "ತಪ್ಪು ನಂದೇ."

ಅವರು ಅವನನ್ನೂ, ಅವನ ತೋಳನ್ನು ಇನ್ನೂ ಬಿಡದ ಜಿಬೆಕ್‌ಳನ್ನೂ ನೋಡಿದರು. ಬಯ್ಯಲು ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟರು.

"ನನ್ನ ಗಿಡಕ್ಕೆ ಬೇರೆ ಪೀಠ ಯಾರು ತರ್ತಾರೆ?" ಎಂದಷ್ಟೇ ಕೇಳಿದರು. ಮಧ್ಯಾಹ್ನದೊಳಗೆ ಸಮಿತಿಯ ಉಳಿದ ನಾಲ್ವರನ್ನೂ ಅವರೇ ಕೆಳಗೆ ಎಳೆದುಕೊಂಡು ಬಂದು, ಪೆಟ್ಟಿಗೆ ನೋಡಿಸಿ, ಸಹಿ ಹಾಕಿಸಿದರು.

ಶುಕ್ರವಾರ ಬೆಳಿಗ್ಗೆಯಿಂದ ಕಾಲೇಜಿನ ಅಂಗಳದಲ್ಲಿ ಡ್ರಿಲ್ಲಿನ ಸದ್ದು. ಒಪ್ಪಿಸುವವರ ಎದುರಿಗೇ ಡಿಸ್ಕುಗಳಿಗೆ ತೂತು ಕೊರೆಯಬೇಕು. ಜಿಬೆಕ್ ಕೊರೆದಳು, ಕುಬಾತ್ ಪಕ್ಕದಲ್ಲಿ ನಿಂತು ಒಂದೊಂದನ್ನೇ ನೋಡಿ ಗುರುತು ಹಾಕಿದ. ಎಷ್ಟೋ ಹೆಣ್ಣುಮಕ್ಕಳ ಹೆಸರು, ವಿಳಾಸ ತಗಡಿನ ಪುಡಿಯಾಗಿ ಉದುರಿದವು. ಇನ್ನು ಅವನ್ನು ಯಾರೂ ಓದಲಾರರು. ಮಾಮಿತ್ ಬಾಯ್ಕೆ ಪೆಟ್ಟಿಗೆಗಳನ್ನು ಲಾರಿಗೆ ಏರಿಸಿ, ಹಗ್ಗ ಬಿಗಿದು, ಇನ್ನು ಇವೂ ಎಲ್ಲಿಗೂ ಹೋಗವು, ನೀವೂ ಎಲ್ಲಿಗೂ ಹೋಗಬೇಡಿ ಎಂಬಂತೆ ಇಬ್ಬರನ್ನೂ ನೋಡಿ ಮುಂದೆ ಹೋಗಿ ಕೂತ.

ಕುಬಾತ್‌ನ ಜೇಬಿನಲ್ಲಿ ಬಿಡುಗಡೆಯ ಕಾಗದವಿತ್ತು. ಮಧ್ಯಾಹ್ನದ ವ್ಯಾನು ಹಿಡಿದರೆ ಸಂಜೆಗೆ ಊರು ಮುಟ್ಟುತ್ತಾನೆ. ಲಾರಿಯ ಬಾಗಿಲಿಗೆ ಕೈಯೂರಿ ನಿಂತ.

"ನಮ್ಮೂರಲ್ಲಿ ಚಳಿ ಜಾಸ್ತಿ," ಎಂದ. "ನಿನ್ನ ಅಮ್ಮನೂ ಬರಬಹುದು. ಅಲ್ಲಿ ಹೊಗೆ ಇಲ್ಲ. ನಾರಿನ್ ಪಟ್ಟಣದ ಆಫೀಸುಗಳಲ್ಲೆಲ್ಲ ಹಳೇ ಕಂಪ್ಯೂಟರ್ ತುಂಬಿ ಕೊಳೀತಾ ಇವೆ. ತಗೊಂಡು ಹೋಗೋರು ಒಬ್ಬರೂ ಇಲ್ಲ."

"ನಮ್ಮ ಯಜಮಾನರನ್ನ ನೀನೇನೂ ಕೇಳೋದು ಬೇಡ. ನಾನೇ ಆಗಲೇ ಕೇಳಿದ್ದೀನಿ. ಅಲ್ಲೊಂದು ಶೆಡ್ ಶುರು ಮಾಡೋಣ ಅಂದಿದ್ದಾರೆ. ವಸಂತ ಬಂದ ಮೇಲೆ."

"ಅಷ್ಟು ದಿನಾನಾ?" ಅವನ ಮುಖ ಇಳಿಯಿತು. ಆಮೇಲೆ ತಡೆತಡೆದು ಕೇಳಿದ, "ಅಷ್ಟರೊಳಗೆ... ನಮ್ಮಮ್ಮ ಓಲೆ ತಗೊಂಡು ನಿಮ್ಮನೆಗೆ ಬರಬಹುದಾ?"

ಆ ಕಡೆ ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸಿದರೆ ಮಾತು ನಿಶ್ಚಯವಾದಂತೆ. ಜಿಬೆಕ್ ಅವನನ್ನು ದಿಟ್ಟಿಸಿದಳು. ಮೂರು ತಿಂಗಳು ನೋಡಿದ ರೆಪ್ಪೆ, ಮೂರು ತಿಂಗಳು ಸ್ಕ್ರೂ ಕಚ್ಚಿದ ತುಟಿ.

"ಯಾವಾಗ?"

"ಸುಗ್ಗಿ ಮುಗಿದ ಮೇಲೆ? ಅಕ್ಟೋಬರ್? ಚಿಕ್ಕಪ್ಪಂದಿರನ್ನೂ ಒಂದು ಮಾತು ಕೇಳಿ..."

"ನಾಳೆ."

"ನಾಳೆ?" ಅವನು ಬೆಚ್ಚಿಬಿದ್ದ. "ನಾಳೆ ಶನಿವಾರ ನಾನು ಶಾಲೇಲಿ ಇರಬೇಕು ಕಣೇ. ಹಾಜರಾಗೋ ದಿನ."

"ನಿನ್ನನ್ನ ಯಾರು ಕರೆದ್ರು? ನಿನ್ನಮ್ಮ ಬಂದ್ರೆ ಸಾಕು."

ಅವಳು ಲಾರಿಯ ಬಾಗಿಲನ್ನು ದಡಾರನೆ ಹಾಕಿಕೊಂಡಳು. ಅವನು ನಗುತ್ತಿದ್ದ. ಈ ಸಲ ನಗು ಕಣ್ಣು ತುಂಬಿತ್ತು. ಲಾರಿ ಗೇಟು ದಾಟುವವರೆಗೂ ಜಿಬೆಕ್ ಮುಖ ಬಿಗಿದುಕೊಂಡು ನೆಟ್ಟಗೆ ಕೂತಿದ್ದಳು. ದಾಟಿದ ಮೇಲೆ ಎರಡೂ ಕೈ ಎತ್ತಿ, ತನ್ನ ಬರಿಗಿವಿಗಳನ್ನು ಮುಟ್ಟಿ ನೋಡಿಕೊಂಡಳು.